ಇಸಿಜಿ ಮಷಿನ್ ‘ಎಲ್‌ಬಿಬಿಬಿ’ ಅಂದರೆ ಸಾಲದು: ಸಿಆರ್‌ಟಿ ಆಯ್ಕೆಯಲ್ಲಿ ನನ್ನ ಅನುಭವ

ಇಎಫ್ (ಹೃದಯ ಒಂದು ಬಡಿತಕ್ಕೆ ಹೊರದಬ್ಬುವ ರಕ್ತದ ಪಾಲು) ಶೇ 35ಕ್ಕಿಂತ ಕಡಿಮೆ, ಇಸಿಜಿ ವರದಿಯಲ್ಲಿ ಎಲ್‌ಬಿಬಿಬಿ, ಅಂದರೆ ಹೃದಯದ ಎಡಭಾಗಕ್ಕೆ ವಿದ್ಯುತ್ ಒಯ್ಯುವ ಕವಲಿನಲ್ಲಿ ತಡೆ. ಇಷ್ಟಿದ್ದರೂ ನಾನು ಕೆಲವರಿಗೆ ಸಿಆರ್‌ಟಿ (ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಪೇಸ್‌ಮೇಕರ್) ಬೇಡ ಅನ್ನತೊಡಗಿದಾಗ, ‘ಬಂದ ಕೇಸನ್ನೇ ವಾಪಸ್ ಕಳಿಸ್ತಾನೆ’ ಅಂತ ಆಡಿಕೊಂಡವರಿದ್ದಾರೆ. ಈಗ ಅವರೇ ವಾಟ್ಸಾಪಿನಲ್ಲಿ ಇಸಿಜಿ ಕಳಿಸಿ ಕೇಳುತ್ತಾರೆ!

ಮೂವರಲ್ಲಿ ಒಬ್ಬರಿಗೆ ಸಿಆರ್‌ಟಿ ಉಪಯೋಗವಾಗುವುದಿಲ್ಲ ಅನ್ನುವ ಲೆಕ್ಕ ನಮಗೆಲ್ಲ ಗೊತ್ತು. ನಮ್ಮ ಕಡೆ ಆ ಒಬ್ಬರು ಅಡಿಕೆ ತೋಟ ಅಡ ಇಟ್ಟು ಬಂದಿರುತ್ತಾರೆ. ಸಿಆರ್‌ಟಿ-ಪಿ (ಬರೀ ಪೇಸಿಂಗ್ ಮಾಡುವಂಥದ್ದು) ಅಂದರೂ ಮೂರು ಲಕ್ಷದ ಆಸುಪಾಸು. ಶಾಕ್ ಕೊಡುವ ಸಿಆರ್‌ಟಿ-ಡಿ ಆದರೆ ಹತ್ತಿರಹತ್ತಿರ ಎರಡರಷ್ಟು. ಆರು ತಿಂಗಳ ಮೇಲೂ ಏದುಸಿರು ಬಿಡುತ್ತಾ ಎದುರಿಗೆ ಕೂತರೆ ಏನು ಹೇಳುವುದು?

ಮೊದಲೆಲ್ಲ ಯಾರಿಗೆ ಹಾಕಬೇಕು ಅಂತ ಎಕೋದಲ್ಲಿ (ಹೃದಯದ ಸ್ಕ್ಯಾನ್) ಡಿಸ್‌ಸಿಂಕ್ರನಿ, ಅಂದರೆ ಹೃದಯದ ಗೋಡೆಗಳ ಬಡಿತದ ತಾಳತಪ್ಪು, ಅಳೆಯುತ್ತಾ ಕೂರುತ್ತಿದ್ದೆವು. ಬೆಳಿಗ್ಗೆ ಒಂದು ಸಂಖ್ಯೆ, ಮಧ್ಯಾಹ್ನ ಬೇರೆಯವರು ನೋಡಿದರೆ ಇನ್ನೊಂದು. 2008ರ ಪ್ರಾಸ್ಪೆಕ್ಟ್ ಅಧ್ಯಯನದಲ್ಲೂ ಅದೇ ಪಾಡು. 2013ರ ಎಕೋಸಿಆರ್‌ಟಿ ಅಧ್ಯಯನದಲ್ಲಂತೂ ಕ್ಯೂಆರ್‌ಎಸ್ (ಇಸಿಜಿಯಲ್ಲಿ ಕೆಳಕೋಣೆಗಳ ಬಡಿತ ತೋರಿಸುವ ಅಲೆಯ ಅಗಲ) 130 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಿಗೆ ಸಿಆರ್‌ಟಿ ಹಾಕಿದಾಗ ಸಾವೇ ಜಾಸ್ತಿ ಆಯಿತು. ಆ ದಾರಿ ಬಿಟ್ಟೆ.

ಈಗ ಇಸಿಜಿಯನ್ನೇ ನೋಡುತ್ತೇನೆ, ಕಾಗದ ಸೆಕೆಂಡಿಗೆ 50 ಮಿಲಿಮೀಟರ್ ಓಡುವ ಸ್ಪೀಡಿನಲ್ಲಿ ತೆಗೆಸಿ, ಕೈಯಲ್ಲೇ ಅಳೆದು. ಕ್ಯೂಆರ್‌ಎಸ್ ಗಂಡಸರಲ್ಲಿ 140, ಹೆಂಗಸರಲ್ಲಿ 130 ಮುಟ್ಟಿರಬೇಕು. ಇಸಿಜಿಯ ಕನಿಷ್ಠ ಎರಡು ಲೀಡಿನಲ್ಲಿ ಆ ಅಲೆಯ ನಡುವೆ ನಾಚ್ (ಕಚ್ಚು) ಅಥವಾ ಸ್ಲರ್ (ಎಳೆತ) ಇರಬೇಕು. ನಿಜವಾದ ಎಲ್‌ಬಿಬಿಬಿ ಗುರುತಿಸಲು ಇರುವ ಸ್ಟ್ರಾಸ್ ಮಾನದಂಡ ಅಷ್ಟೇ, ನನ್ನದೇನಿಲ್ಲ. ಹೃದಯದ ಗೋಡೆ ದಪ್ಪವಾಗಿ ಕ್ಯೂಆರ್‌ಎಸ್ ಅಗಲವಾದ ಕೇಸುಗಳು ಇಲ್ಲೇ ಉದುರುತ್ತವೆ. ಗಿಡ್ಡ ಮೈಕಟ್ಟಿನ ಹೆಂಗಸರಿಗೆ 135ಕ್ಕೂ ಧೈರ್ಯವಾಗಿ ಹಾಕಿದ್ದೇನೆ. ಚೆನ್ನಾಗಿ ಚೇತರಿಸಿಕೊಂಡವರಲ್ಲಿ ಅವರೇ ಜಾಸ್ತಿ.

ಅದಕ್ಕೂ ಮೊದಲು ಹೃದಯ ವೈಫಲ್ಯದ ನಾಲ್ಕೂ ಬಗೆಯ ಮಾತ್ರೆ ಮೂರು ತಿಂಗಳು ಸರಿಯಾಗಿ ಆಗಬೇಕು. ಇದರಲ್ಲೇ ಕೆಲವರ ಇಎಫ್ 40ಕ್ಕೆ ಏರಿ ಸಿಆರ್‌ಟಿ ದುಡ್ಡು ಉಳಿದಿದೆ. ಹೋಲ್ಟರ್ (ಇಡೀ ದಿನದ ಇಸಿಜಿ) ಮಾಡಿಸದೆ ಬಿಡುವುದೇ ಇಲ್ಲ. ವಿಪಿಸಿ (ಕೆಳಕೋಣೆಯಿಂದ ನಡುವೆ ನುಗ್ಗುವ ಅಕಾಲ ಬಡಿತ) ತುಂಬ ಇದ್ದರೆ ಪೇಸಿಂಗ್ ಅರ್ಧ ದಂಡ. ಹೃದಯದ ಎಡಪಕ್ಕದ ಗೋಡೆಯ ಹಳೇ ಗಾಯವನ್ನು ಎಂಆರ್‌ಐ ಇಲ್ಲದೆ ಅಂದಾಜು ಮಾಡುವ ಉಪಾಯವೊಂದಿದೆ. ಅದನ್ನು ಬರೆಯುವುದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಹೀಗೆ ಆರಿಸಿದ ಮೇಲೆ ಹತ್ತರಲ್ಲಿ ಎಂಟು ಜನಕ್ಕಾದರೂ ಫಲ ಸಿಕ್ಕಿದೆ.

ದುಡ್ಡೇ ಇಲ್ಲದವರಿಗೆ ಮಾಮೂಲಿ ಡ್ಯುಯಲ್ ಚೇಂಬರ್ (ಎರಡು ತಂತಿಯ) ಪೇಸ್‌ಮೇಕರ್ ಇಟ್ಟು, ಅದರ ಒಂದು ತಂತಿಯನ್ನು ಎಡ ಬಂಡಲ್, ಅಂದರೆ ತಡೆಯಾದ ಆ ಕವಲಿನ, ಜಾಗಕ್ಕೆ ತಿರುಗಿಸಿ ಕೂರಿಸಿ ನೋಡಿದೆ. ಖರ್ಚು ಅರ್ಧಕ್ಕಿಂತ ಕಡಿಮೆ. 170 ಇದ್ದ ಕ್ಯೂಆರ್‌ಎಸ್ 120ರ ಹತ್ತಿರ ಬಂದದ್ದೂ ಉಂಟು. ಸೆಪ್ಟಮ್‌ನಲ್ಲಿ (ಎರಡು ಕೆಳಕೋಣೆಗಳ ನಡುವಿನ ಗೋಡೆ) ಹಳೇ ಅಟ್ಯಾಕಿನ ಗಾಯ ಇದ್ದರೆ ಮಾತ್ರ ತಂತಿಯ ತುದಿಯ ಸ್ಕ್ರೂ ಎಷ್ಟೋ ಸಲ ಇಳಿಯುವುದೇ ಇಲ್ಲ. ಅಂಥವರಿಗೆ ಮತ್ತೆ ಸಿಆರ್‌ಟಿ ದುಡ್ಡು ಹೊಂದಿಸಲೇಬೇಕು.