ಅಮೆರಿಕದ ಆರ್‌ವಿ ಪಾರ್ಕ್‌ಗಳಲ್ಲಿ ತಂಗುವ ಬಗೆ: ಸೈಟ್ ಕಾದಿರಿಸುವುದರಿಂದ ಹೊರಡುವವರೆಗೆ

ಅಮೆರಿಕವನ್ನು ರಸ್ತೆಯ ಮೂಲಕ ಸುತ್ತಬೇಕೆನ್ನುವವರು ಆರ್‌ವಿಯನ್ನು, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಒಳಗೇ ಇರುವ ವಾಹನವನ್ನು, ಬಾಡಿಗೆಗೆ ಪಡೆಯುವಾಗ ವಾಹನದ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ಅದನ್ನು ರಾತ್ರಿ ಎಲ್ಲಿ ನಿಲ್ಲಿಸುವುದು ಎಂಬುದನ್ನು ಮಾತ್ರ ಹೊರಟ ಮೇಲೆ ನೋಡಿಕೊಂಡರಾಯಿತೆಂದು ಬಿಟ್ಟುಬಿಡುತ್ತಾರೆ. ಆದರೆ ಪ್ರವಾಸ ನಿರಾಳವಾಗಿ ಸಾಗುತ್ತದೆಯೋ ದಿನವೂ ಹೆಣಗಾಟವಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಎರಡು ಹೊತ್ತಿನಲ್ಲಿ ತೀರ್ಮಾನವಾಗುತ್ತದೆ: ಸೈಟ್, ಅಂದರೆ ವಾಹನ ನಿಲ್ಲಿಸಿ ತಂಗಲು ಕೊಡುವ ಜಾಗ, ಕಾದಿರಿಸುವಾಗ ಮತ್ತು ಸೈಟಿಗೆ ಬಂದು ನಿಂತ ಮೊದಲ ಅರ್ಧ ಗಂಟೆಯಲ್ಲಿ.

ತಂಗುದಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಖಾಸಗಿ ಆರ್‌ವಿ ಪಾರ್ಕ್. 1962ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್‌ನಲ್ಲಿ ಶುರುವಾಗಿ ಇಂದು ದೇಶದುದ್ದಕ್ಕೂ ಕಾಣಸಿಗುವ ಕೆಒಎ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂಥ ಕಡೆ ವಿದ್ಯುತ್, ನೀರು, ಬಿಸಿನೀರಿನ ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಇರುತ್ತವೆ. ಆದರೆ ಸೈಟುಗಳು ಒತ್ತೊತ್ತಾಗಿರುವುದೂ ಉಂಟು. ಇನ್ನೊಂದು ಸಾರ್ವಜನಿಕ ಕ್ಯಾಂಪ್‌ಗ್ರೌಂಡ್: ರಾಷ್ಟ್ರೀಯ ಉದ್ಯಾನ, ರಾಷ್ಟ್ರೀಯ ಅರಣ್ಯ, ರಾಜ್ಯ ಉದ್ಯಾನಗಳಲ್ಲಿರುವವು ಮತ್ತು ಜಲಾಶಯಗಳ ದಂಡೆಯಲ್ಲಿ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನಡೆಸುವವು. ಇಲ್ಲಿ ನೆರಳು ಹೆಚ್ಚು, ಸೈಟುಗಳ ನಡುವೆ ಅಂತರವೂ ಹೆಚ್ಚು. ಸೌಕರ್ಯ ಕಡಿಮೆ, ಶುಲ್ಕವೂ ಸಾಮಾನ್ಯವಾಗಿ ಕಡಿಮೆ. ಒಂದೇ ಬಗೆಗೆ ಅಂಟಿಕೊಳ್ಳದೆ ಎರಡನ್ನೂ ಬೆರೆಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ: ಎರಡು ಮೂರು ರಾತ್ರಿ ಕಾಡಿನ ನಡುವೆ ಇದ್ದು, ಆಮೇಲೆ ಒಂದು ರಾತ್ರಿ ಖಾಸಗಿ ಪಾರ್ಕಿನಲ್ಲಿ ತಂಗಿ ಕೊಳಚೆಯ ಟ್ಯಾಂಕುಗಳನ್ನು ಬರಿದು ಮಾಡಿ, ನೀರು ತುಂಬಿಸಿಕೊಂಡು, ಬಟ್ಟೆ ಒಗೆದುಕೊಂಡರೆ ಇಡೀ ಪ್ರವಾಸಕ್ಕೆ ಒಂದು ಲಯ ಬರುತ್ತದೆ.

ಕಾದಿರಿಸುವ ಮೊದಲು ಹುಕಪ್ ಎಂಬುದನ್ನು ಅರಿತಿರಬೇಕು. ಸೈಟಿನಲ್ಲಿ ವಾಹನಕ್ಕೆ ನೇರವಾಗಿ ಜೋಡಿಸಿಕೊಳ್ಳಬಹುದಾದ ಸೌಲಭ್ಯಗಳಿಗೆ ಈ ಹೆಸರು. ವಿದ್ಯುತ್, ನೀರು, ಒಳಚರಂಡಿ ಮೂರೂ ಇದ್ದರೆ ಅದು ಫುಲ್ ಹುಕಪ್. ಮೊದಲೆರಡು ಮಾತ್ರ ಇದ್ದರೆ ಪಾರ್ಷಿಯಲ್ ಹುಕಪ್. ಯಾವುದೂ ಇಲ್ಲದಿದ್ದರೆ ಡ್ರೈ ಕ್ಯಾಂಪಿಂಗ್. ರಾಷ್ಟ್ರೀಯ ಉದ್ಯಾನಗಳ ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳು ಮೂರನೆಯ ಬಗೆಯವು. ಯೆಲ್ಲೊಸ್ಟೋನ್ ಉದ್ಯಾನದಷ್ಟು ವಿಶಾಲ ಪ್ರದೇಶದಲ್ಲೂ ಮೂರೂ ಸೌಲಭ್ಯ ಸಿಗುವ ತಾಣ ಫಿಶಿಂಗ್ ಬ್ರಿಡ್ಜ್ ಒಂದೇ, ಮತ್ತು ಅಲ್ಲಿ ಗ್ರಿಜ್ಲಿ ಕರಡಿಗಳ ಓಡಾಟವಿರುವುದರಿಂದ ಬಟ್ಟೆಯ ಗೋಡೆಯ ಟ್ರೇಲರ್‌ಗಳಿಗೂ ಟೆಂಟ್‌ಗಳಿಗೂ ಪ್ರವೇಶವಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನಲ್ಲಿ ಫುಲ್ ಹುಕಪ್ ಬೇಕೆನ್ನುವವರು ಟ್ರೇಲರ್ ವಿಲೇಜ್‌ನಲ್ಲಿ ಸೈಟ್ ಹುಡುಕಬೇಕು.

ಹುಕಪ್‌ಗಿಂತಲೂ ಮುಖ್ಯವಾದದ್ದು ಉದ್ದ. ಹಳೆಯ ಕ್ಯಾಂಪ್‌ಗ್ರೌಂಡ್‌ಗಳನ್ನು ಇಂದಿನ ದೈತ್ಯ ವಾಹನಗಳಿಗಾಗಿ ಕಟ್ಟಿದ್ದಲ್ಲ. ಪ್ರತಿ ಸೈಟಿಗೂ ಇಂತಿಷ್ಟು ಅಡಿ ಎಂಬ ಮಿತಿ ಇರುತ್ತದೆ, ಅದನ್ನು ಮೀರಿದರೆ ಕಾದಿರಿಸಿದ್ದರೂ ನಿಲ್ಲಿಸಲು ಬಿಡುವುದಿಲ್ಲ. ಬಂಪರ್, ಸೈಕಲ್ ಸ್ಟ್ಯಾಂಡ್, ಹಿಂದೆ ಎಳೆದು ತರುವ ಕಾರು ಎಲ್ಲವನ್ನೂ ಸೇರಿಸಿ ಅಳತೆ ಹೇಳಬೇಕು. ರಸ್ತೆಗಳಿಗೂ ಇಂಥ ಮಿತಿಗಳಿವೆ: ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದಿ ಸನ್ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನ ಹೋಗುವಂತಿಲ್ಲ. ಮೊದಲ ಸಲ ಬಾಡಿಗೆಗೆ ಪಡೆಯುವ ಕುಟುಂಬಕ್ಕೆ 25 ಅಡಿಯ ಆಸುಪಾಸಿನ ವಾಹನ ಸಾಕು. ಅದಕ್ಕಿಂತ ದೊಡ್ಡದನ್ನು ಆರಿಸಿಕೊಂಡಷ್ಟೂ ಒಳಗೆ ಜಾಗ ಹೆಚ್ಚುತ್ತದೆ, ಹೋಗಬಹುದಾದ ಜಾಗಗಳು ಕಡಿಮೆಯಾಗುತ್ತವೆ.

ಕೇಂದ್ರ ಸರ್ಕಾರದ ಬಹುತೇಕ ತಾಣಗಳನ್ನು ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ಕಾದಿರಿಸಬೇಕು. ಹಲವೆಡೆ ಆರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ ಮತ್ತು ಹೆಸರಾಂತ ಉದ್ಯಾನಗಳ ಬೇಸಿಗೆಯ ಸೈಟುಗಳು ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಸಿಗಲಿಲ್ಲವೆಂದು ಕೈಬಿಡಬೇಕಾಗಿಲ್ಲ. ರದ್ದತಿಗಳು ಆಗಾಗ ಆಗುತ್ತಲೇ ಇರುತ್ತವೆ, ಅದರಲ್ಲೂ ಪ್ರಯಾಣದ ದಿನ ಹತ್ತಿರವಾದಂತೆ. ಅದೇ ಜಾಲತಾಣದಲ್ಲಿ ಸೂಚನೆ ಕಳುಹಿಸುವಂತೆ ಕೋರಿಕೆ ಇಡಬಹುದು. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ಪದ್ಧತಿಯ ತಾಣಗಳಿಗೆ ಶುಕ್ರವಾರ ಸಂಜೆ ಹೋಗುವುದರಲ್ಲಿ ಅರ್ಥವಿಲ್ಲ. ವಾರದ ನಡುವೆ, ರಾತ್ರಿ ತಂಗಿದವರು ಜಾಗ ಖಾಲಿ ಮಾಡುವ ಬೆಳಗಿನ ಹೊತ್ತಿಗೆ ಅಲ್ಲಿರಬೇಕು. ಅಮೆರಿಕ ದಿ ಬ್ಯೂಟಿಫುಲ್ ಎಂಬ ವಾರ್ಷಿಕ ಪಾಸ್ ಉದ್ಯಾನಗಳ ಪ್ರವೇಶ ಶುಲ್ಕಕ್ಕೆ ಮಾತ್ರ, ತಂಗುವ ಶುಲ್ಕವನ್ನು ಬೇರೆಯಾಗಿಯೇ ಕೊಡಬೇಕು.

ಖಾಸಗಿ ಪಾರ್ಕ್ ಆದರೆ ಫೋನ್ ಮಾಡಿ ಮಾತಾಡುವುದು ಒಳ್ಳೆಯದು. ಸೈಟ್ ಪುಲ್‌ಥ್ರೂ ಬಗೆಯದೋ, ಅಂದರೆ ಒಂದು ತುದಿಯಿಂದ ನುಗ್ಗಿ ಇನ್ನೊಂದು ತುದಿಯಿಂದ ಹೊರಡಬಹುದಾದದ್ದೋ, ಅಥವಾ ರಿವರ್ಸ್ ಹಾಕಿಯೇ ನಿಲ್ಲಿಸಬೇಕಾದದ್ದೋ ಎಂದು ಕೇಳಬೇಕು. ಹೊಸಬರು ಸ್ವಲ್ಪ ಹೆಚ್ಚು ಹಣ ತೆತ್ತಾದರೂ ಮೊದಲನೆಯದನ್ನೇ ಪಡೆಯಲಿ. ಹತ್ತು ವರ್ಷಕ್ಕಿಂತ ಹಳೆಯ ವಾಹನವನ್ನು ಸೇರಿಸದ ಪಾರ್ಕ್‌ಗಳೂ ಇವೆ. ಕಚೇರಿ ಮುಚ್ಚಿದ ಮೇಲೆ ತಲುಪಿದರೆ ಏನು ಮಾಡಬೇಕೆಂದು ತಿಳಿದುಕೊಂಡಿರಬೇಕು. ಸಾಮಾನ್ಯವಾಗಿ ಹೆಸರು ಬರೆದ ಲಕೋಟೆಯಲ್ಲಿ ನಕ್ಷೆಯನ್ನೂ ಸೈಟ್ ಸಂಖ್ಯೆಯನ್ನೂ ಬಾಗಿಲ ಬಳಿ ಇಟ್ಟಿರುತ್ತಾರೆ. ಇವೆಲ್ಲದರ ಜೊತೆಗೆ, ಪಾರ್ಕಿನ ಉಪಗ್ರಹ ಚಿತ್ರವನ್ನು ಒಮ್ಮೆ ತೆರೆದು ನೋಡಿ. ಎಷ್ಟೋ ಪಾರ್ಕ್‌ಗಳು ಹೆದ್ದಾರಿಯ ಅಥವಾ ರೈಲು ಹಳಿಯ ಪಕ್ಕದಲ್ಲೇ ಇವೆ, ಮತ್ತು ಅಮೆರಿಕದ ಸರಕು ರೈಲುಗಳು ರಸ್ತೆ ದಾಟುವಲ್ಲೆಲ್ಲ ನಡುರಾತ್ರಿಯಲ್ಲೂ ಸೀಟಿ ಹಾಕುತ್ತವೆ. ಈ ಸಂಗತಿ ಪಾರ್ಕಿನ ಜಾಹೀರಾತಿನಲ್ಲಿ ಇರುವುದಿಲ್ಲ.

ಕತ್ತಲಾಗುವ ಮುನ್ನ ತಲುಪುವಂತೆ ದಿನದ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು. ಸೈಟಿನೊಳಗೆ ವಾಹನ ನುಗ್ಗಿಸುವ ಮೊದಲು ಇಳಿದು ನಡೆದು ನೋಡಿ: ತಗ್ಗಿದ ಕೊಂಬೆ, ಚೂಪುಗಲ್ಲು, ವಿದ್ಯುತ್ ಪೆಡೆಸ್ಟಲ್, ಅಂದರೆ ಸಾಕೆಟ್‌ಗಳಿರುವ ಕಂಬ, ಇರುವ ಜಾಗ. ಆರ್‌ವಿಯ ಹುಕಪ್‌ಗಳು ಚಾಲಕನ ಬದಿಗೆ, ಅಂದರೆ ಎಡಕ್ಕೆ ಇರುತ್ತವೆ. ಸೈಟಿನ ಕಂಬವೂ ಕೊಳವೆಯೂ ಅದೇ ಬದಿಗೆ ಬರುವಂತೆ ನಿಲ್ಲಿಸಬೇಕು. ರಿವರ್ಸ್ ಹಾಕುವಾಗ ಒಬ್ಬರು ಹಿಂದೆ ನಿಂತು ದಾರಿ ತೋರಿಸಲಿ, ಅವರು ಕನ್ನಡಿಯಲ್ಲಿ ಕಾಣದಂತಾದ ಕ್ಷಣವೇ ಚಾಲಕರು ನಿಲ್ಲಿಸಲಿ. ನಂತರ ವಾಹನವನ್ನು ಮಟ್ಟಸ ಮಾಡಬೇಕು. ಇದು ನಿದ್ದೆಯ ಸುಖಕ್ಕೆ ಮಾತ್ರವಲ್ಲ; ಗ್ಯಾಸಿನಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ, ಕ್ರಮೇಣ ಕೆಟ್ಟೂ ಹೋಗುತ್ತದೆ.

ಈಗ ವಿದ್ಯುತ್. ಪೆಡೆಸ್ಟಲ್‌ನಲ್ಲಿ ಸಾಮಾನ್ಯವಾಗಿ 20, 30 ಮತ್ತು 50 ಆಂಪಿಯರ್‌ನ ಸಾಕೆಟ್‌ಗಳಿರುತ್ತವೆ. 30 ಆಂಪಿಯರ್‌ನ ಪ್ಲಗ್‌ಗೆ ಮೂರು ಕಡ್ಡಿ, 50ರದಕ್ಕೆ ನಾಲ್ಕು. ಅವುಗಳ ನಡುವಿನ ಅಂತರ ಹೆಸರಿನಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು: 30 ಆಂಪಿಯರ್ ಸಾಕೆಟ್ 120 ವೋಲ್ಟ್‌ನ ಒಂದೇ ಲೈನಿನಿಂದ 3,600 ವಾಟ್ ಕೊಟ್ಟರೆ, 50 ಆಂಪಿಯರ್‌ನದು ಎರಡು ಲೈನುಗಳಿಂದ ಒಟ್ಟು 12,000 ವಾಟ್ ಕೊಡುತ್ತದೆ. ಬಾಡಿಗೆಯ ಸಾಧಾರಣ ಆರ್‌ವಿ 30 ಆಂಪಿಯರ್‌ನದೇ ಆಗಿರುವುದರಿಂದ ಲೆಕ್ಕವಿಟ್ಟು ಬಳಸಬೇಕು. ಹವಾನಿಯಂತ್ರಕ ಹೆಚ್ಚುಕಡಿಮೆ 13 ಆಂಪಿಯರ್ ಎಳೆಯುತ್ತದೆ, ವಿದ್ಯುತ್ತಿನ ನೀರು ಕಾಯಿಸುವ ಸಾಧನ 12, ಮೈಕ್ರೋವೇವ್ ಇನ್ನೊಂದು 12. ಯಾವ ಎರಡನ್ನಾದರೂ ಒಟ್ಟಿಗೆ ನಡೆಸಬಹುದು, ಮೂರನೆಯದನ್ನು ಹಚ್ಚಿದರೆ ಬ್ರೇಕರ್ ಬೀಳುತ್ತದೆ. ನೀರು ಕಾಯಿಸುವುದನ್ನು ಗ್ಯಾಸಿಗೆ ಬದಲಾಯಿಸಿಕೊಂಡರೆ ಈ ತೊಡಕು ಬಹುಪಾಲು ತೀರುತ್ತದೆ. ಜೋಡಿಸುವಾಗ ಪೆಡೆಸ್ಟಲ್‌ನ ಬ್ರೇಕರ್ ಆಫ್ ಇರಬೇಕು. ಮೊದಲು ವಿದ್ಯುತ್ತಿನ ಏರುಪೇರಿನಿಂದ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಬ್ರೇಕರ್ ಆನ್ ಮಾಡಿ, ಪ್ರೊಟೆಕ್ಟರ್‌ನ ದೀಪಗಳು ವೈರಿಂಗ್ ಸರಿಯಿದೆ ಎಂದು ತೋರಿಸಿದ ಮೇಲೆ ಮತ್ತೆ ಆಫ್ ಮಾಡಿ ವಾಹನದ ಕೇಬಲ್ ಸೇರಿಸಿ. ಹಳೆಯ ಪಾರ್ಕ್‌ಗಳಲ್ಲಿ, ಎಲ್ಲರೂ ಹವಾನಿಯಂತ್ರಕ ಹಚ್ಚುವ ಮಧ್ಯಾಹ್ನಗಳಲ್ಲಿ, ವೋಲ್ಟೇಜ್ ತೀರಾ ಕುಸಿದು ಯಂತ್ರಗಳು ಹಾಳಾಗುವುದುಂಟು. ಆದ್ದರಿಂದ ಕಡಿಮೆ ವೋಲ್ಟೇಜ್ ಬಂದಾಗಲೂ ಸಂಪರ್ಕ ಕಡಿದುಹಾಕುವ ಬಗೆಯ ಪ್ರೊಟೆಕ್ಟರ್‌ಗೆ ಹಣ ಹಾಕುವುದು ಖಂಡಿತ ಸಾರ್ಥಕ.

ನೀರಿಗೆ ಕುಡಿಯುವ ನೀರಿನದೆಂದು ನಮೂದಿಸಿದ ಬಿಳಿ ಅಥವಾ ನೀಲಿ ಹೋಸ್ ಬೇಕು, ತೋಟದ ಹಸಿರು ಹೋಸ್ ಅಲ್ಲ. ನಲ್ಲಿಗೂ ಹೋಸಿಗೂ ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲೇಬೇಕು. ಆರ್‌ವಿಯ ಕೊಳವೆಗಳಿಗೆ 40ರಿಂದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಒಗ್ಗುತ್ತದೆ, ಕೆಲವು ಪಾರ್ಕ್‌ಗಳಲ್ಲಿ ನೀರಿನ ಒತ್ತಡ ಅದನ್ನು ಎಷ್ಟೋ ಮೀರಿರುತ್ತದೆ. ಹಿಮ ಬೀಳುವಷ್ಟು ಚಳಿಯಿದ್ದರೆ ರಾತ್ರಿ ಹೋಸ್ ಬಿಚ್ಚಿಟ್ಟು, ಒಳಗಿನ ಟ್ಯಾಂಕಿನ ನೀರನ್ನೇ ಬಳಸಿ.

ಹೊಸಬರು ಹೆದರುವುದು ಕೊಳಚೆಯ ಕೆಲಸಕ್ಕೆ. ಕ್ರಮ ತಪ್ಪದಿದ್ದರೆ ಅದು ಹತ್ತು ಹದಿನೈದು ನಿಮಿಷದ ಕೆಲಸ. ಶೌಚಾಲಯದ ಕೊಳಚೆ ಬ್ಲ್ಯಾಕ್ ಟ್ಯಾಂಕಿಗೆ, ಪಾತ್ರೆ ತೊಳೆದ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕಿಗೆ ಹೋಗುತ್ತದೆ. ಫುಲ್ ಹುಕಪ್ ಇದೆಯೆಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟರೆ ನೀರಷ್ಟೇ ಹರಿದುಹೋಗಿ ಗಟ್ಟಿ ಭಾಗ ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಅದನ್ನು ತೆಗೆಸುವುದು ದುಬಾರಿ ಮತ್ತು ಅಸಹ್ಯ. ಆದ್ದರಿಂದ ಟ್ಯಾಂಕ್ ಮೂರನೇ ಎರಡು ಭಾಗ ತುಂಬುವವರೆಗೆ ವಾಲ್ವ್ ಮುಚ್ಚಿರಲಿ. ಬರಿದು ಮಾಡುವಾಗ ಬಿಸಾಡುವ ಕೈಗವಸು ಧರಿಸಿ, ಕೊಳವೆಯ ಒಂದು ತುದಿಯನ್ನು ವಾಹನಕ್ಕೆ ತಿರುಗಿಸಿ ಕಚ್ಚಿಸಿ, ಇನ್ನೊಂದು ತುದಿ ಚರಂಡಿಯ ಬಾಯಲ್ಲಿ ಬಿಗಿಯಾಗಿ ಕುಳಿತಿದೆಯೇ ಎಂದು ಎಳೆದು ನೋಡಿ. ಮೊದಲು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಎಳೆಯಬೇಕು. ಹರಿವಿನ ಸದ್ದು ನಿಂತ ಮೇಲೆ ಅದನ್ನು ಮುಚ್ಚಿ ಗ್ರೇ ಟ್ಯಾಂಕಿನದನ್ನು ತೆರೆದರೆ ಸೋಪಿನ ನೀರು ಕೊಳವೆಯನ್ನು ತಾನೇ ತೊಳೆದುಕೊಂಡು ಹೋಗುತ್ತದೆ. ಕೊನೆಯಲ್ಲಿ ಶೌಚಾಲಯದಿಂದ ಹತ್ತಿಪ್ಪತ್ತು ಲೀಟರ್ ನೀರನ್ನೂ ಟ್ಯಾಂಕಿನ ಔಷಧಿಯನ್ನೂ ಹಾಕಿಡಿ. ಕೊಳಚೆ ಬರಿದು ಮಾಡುವ ಸಾರ್ವಜನಿಕ ಜಾಗವಾದ ಡಂಪ್ ಸ್ಟೇಷನ್‌ನಲ್ಲಿ ತೊಳೆಯಲು ಇಟ್ಟ ನಲ್ಲಿಯಿಂದ ಎಂದೂ ಕುಡಿಯುವ ನೀರು ಹಿಡಿಯಬಾರದು. ಚೆಲ್ಲಿದ್ದನ್ನು ತೊಳೆದೇ ಹೊರಡಬೇಕು, ಏಕೆಂದರೆ ಮುಂದೆ ಬರುವವರು ಅದೇ ನೆಲದ ಮೇಲೆ ಮೊಣಕಾಲೂರಬೇಕು.

ನೆರೆಯವರೊಂದಿಗಿನ ನಡವಳಿಕೆಗೆ ಬಹಳ ನಿಯಮಗಳಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ಎಲ್ಲೆಡೆ ಸದ್ದು ಮಾಡುವಂತಿಲ್ಲ. ಜನರೇಟರ್‌ಗೆ ಇನ್ನೂ ಬಿಗಿಯಾದ ವೇಳೆಗಳಿರುತ್ತವೆ. ಇನ್ನೊಬ್ಬರ ಸೈಟನ್ನು ಅಡ್ಡದಾರಿಯಾಗಿ ಬಳಸುವುದು ಅವರ ಅಂಗಳದೊಳಗೆ ನುಗ್ಗಿದಂತೆಯೇ, ಮಕ್ಕಳಿಗೂ ಇದನ್ನು ಮೊದಲೇ ಹೇಳಿಡಬೇಕು.

ಬೆಂಕಿಯ ವಿಷಯದಲ್ಲಿ ನನಗೆ ರಾಜಿಯಿಲ್ಲ. ಸೌದೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಬಾರದು. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಕೊರೆಯುವ ಕೀಟ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ, ಅದು ದೂರದೂರಕ್ಕೆ ಹರಡಿದ ದಾರಿಗಳಲ್ಲಿ ಪ್ರವಾಸಿಗರ ಸೌದೆಯೂ ಒಂದು. ಉರಿಸುವ ಕಡೆಯೇ ಕೊಳ್ಳಿ, ಉಳಿದದ್ದನ್ನು ಅಲ್ಲೇ ಬಿಡಿ. ಮಲಗುವ ಮುನ್ನ ನೀರು ಸುರಿದು, ಕದಡಿ, ಮತ್ತೆ ಸುರಿದು, ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪ ಹಿಡಿದಾಗ ಬಿಸಿ ತಾಗಬಾರದು. ಕರಡಿಗಳಿರುವ ಸೀಮೆಯಲ್ಲಿ ಆಹಾರ, ಕಸ, ಟೂತ್‌ಪೇಸ್ಟ್, ಒಲೆ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಡಬಾರದು. ಸೈಟಿನಲ್ಲಿ ಉಕ್ಕಿನ ಪೆಟ್ಟಿಗೆ ಇದ್ದರೆ ಅದನ್ನು ಬಳಸಬೇಕು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಶುಲ್ಕವಿಲ್ಲದೆ ತಂಗುವ ಅವಕಾಶ ಪಶ್ಚಿಮದ ರಾಜ್ಯಗಳಲ್ಲಿ ಧಾರಾಳವಾಗಿದೆ. ಕೇಂದ್ರ ಸರ್ಕಾರದ ಭೂಮಿಯನ್ನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ನೆಲದಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಇರಬಹುದು. ನೀರು, ಕರೆಂಟು, ಕಸದ ತೊಟ್ಟಿ ಯಾವುದೂ ಇರುವುದಿಲ್ಲ, ಕೊಳಚೆಯನ್ನು ನೆಲಕ್ಕೆ ಬಿಡುವುದು ಅಪರಾಧ. ಒಂದೆರಡು ವಾರ ಹುಕಪ್ ಸೈಟುಗಳಲ್ಲಿ ಇದ್ದು, ನಿಮ್ಮ ಟ್ಯಾಂಕುಗಳು ಎಷ್ಟು ದಿನಕ್ಕೆ ತುಂಬುತ್ತವೆ ಎಂಬುದು ತಿಳಿದ ಮೇಲೆ ಇದಕ್ಕೆ ಕೈಹಾಕಿ.

ಹೊರಡುವಾಗ ಜೋಡಿಸಿದ್ದನ್ನೆಲ್ಲ ಕ್ರಮವಾಗಿ ಬಿಚ್ಚಬೇಕು: ಬ್ರೇಕರ್ ಆಫ್ ಮಾಡಿ ಕೇಬಲ್ ತೆಗೆಯಿರಿ, ನೀರಿನ ಹೋಸ್ ಬಿಚ್ಚಿ ಎರಡೂ ತುದಿ ಜೋಡಿಸಿಡಿ, ಕೊಳಚೆಯ ಕೊಳವೆಯನ್ನು ಕೊನೆಗೆ ಬಿಚ್ಚಿ ಬೇರೆ ಗೂಡಿನಲ್ಲಿಡಿ. ಕಪಾಟು, ಫ್ರಿಜ್ ಬಾಗಿಲುಗಳ ಚಿಲಕ ಹಾಕಿ. ಆಮೇಲೆ ಇಬ್ಬರು ಬೇರೆಬೇರೆಯಾಗಿ ವಾಹನದ ಸುತ್ತ ಒಂದು ಸುತ್ತು ಬಂದು ಮೆಟ್ಟಿಲು, ಬಿಸಿಲಿನ ಚಪ್ಪರ, ಆಂಟೆನಾ, ಛಾವಣಿಯ ಕಿಂಡಿ, ಚಕ್ರದ ತಡೆಗಳನ್ನು ನೋಡಲಿ. ಉದ್ದದ ವಾಹನದ ಹಿಂಭಾಗ ತಿರುವಿನಲ್ಲಿ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಸೈಟಿನಿಂದ ಹೊರಬರುವಾಗ ಪೆಡೆಸ್ಟಲ್‌ಗೆ ತಾಗುವುದು ಆ ಮೂಲೆಯೇ ಆದ್ದರಿಂದ, ಹಿಂದಿನ ಚಕ್ರ ಕಂಬವನ್ನು ದಾಟಿ ಇನ್ನಷ್ಟು ಮುಂದೆ ಹೋಗುವವರೆಗೆ ಸ್ಟಿಯರಿಂಗ್ ನೇರವಾಗಿಯೇ ಇರಲಿ.