ಮಳೆ ಬಿಟ್ಟ ಹೊತ್ತಿನ ಎಚ್ಚರ

ಎಂಆರ್‌ಐ ಯಂತ್ರದೊಳಗೆ ಮಲಗಿದವರ ನಿದ್ರೆಯನ್ನು ಅಳೆಯುವುದು ನನ್ನ ಕೆಲಸ. ಮಿದುಳಿನ ಯಾವ ಭಾಗಕ್ಕೆ ರಕ್ತ ಏರಿತು, ಎಲ್ಲಿ ಇಳಿಯಿತು ಎಂಬುದನ್ನು ಯಂತ್ರ ಚಿತ್ರಿಸುತ್ತದೆ. ನಿದ್ರೆ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಮಿದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ, ನೆತ್ತಿಯ ಮೇಲಿನ ಇಇಜಿ ಎಲೆಕ್ಟ್ರೋಡುಗಳು ಹೇಳಬೇಕು. ಆದರೆ ಮೊದಲ ವರ್ಷ ನನ್ನ ಯಂತ್ರದಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ನೂರು ಡೆಸಿಬೆಲ್ ದಾಟುವ ಆ ಗಡಗಡ ಸದ್ದೇ ಕಾರಣವೆಂದು ನಂಬಿದ್ದೆ. ನನ್ನ ಎಣಿಕೆ ತಪ್ಪೆಂದು ತಿಳಿದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ.

ಪುನರ್ವಸು ಮಳೆ ಹಿಡಿದಿದ್ದ ಜುಲೈ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಇಇಜಿ ಪೆಟ್ಟಿಗೆಯನ್ನು ಊರಿಗೆ ಒಯ್ದಿದ್ದೆ. ಕೈ ಪಳಗಲಿ ಎಂಬುದಷ್ಟೇ ಉದ್ದೇಶ. ಅಮ್ಮ ಒಪ್ಪಿದಳು. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು, ಕಿವಿಯಿಂದ ಕಿವಿಗೆ ಇನ್ನೊಮ್ಮೆ ಅಳೆದು, ಎರಡೂ ಕೂಡುವ ನಡುನೆತ್ತಿಯಲ್ಲಿ ಗುರುತು ಹಾಕಿದೆ. ಉಳಿದ ಜಾಗಗಳೆಲ್ಲ ಅಲ್ಲಿಂದ ಶೇಕಡಾ ಹತ್ತು, ಇಪ್ಪತ್ತರ ಲೆಕ್ಕದಲ್ಲಿ ಸಿಗುತ್ತವೆ. ಎಲೆಕ್ಟ್ರೋಡು ಅಂಟಿಸಿದರೆ ಚರ್ಮದಲ್ಲಿ ವಿದ್ಯುತ್ತಿಗೆ ಆಗುವ ತಡೆ ನಲವತ್ತು ಕಿಲೋಓಮ್‌ನಿಂದ ಕೆಳಗಿಳಿಯದು. ನನಗೆ ಬೇಕಿದ್ದದ್ದು ಐದರ ಒಳಗೆ. ವರ್ಷಗಟ್ಟಲೆ ಹಚ್ಚಿದ ಕೊಬ್ಬರಿ ಎಣ್ಣೆ ನೆತ್ತಿಯಲ್ಲಿತ್ತು. "ಎಣ್ಣೆ ಇಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ ಮಗಳೇ" ಎಂದಳು. ಆದರೂ ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡು, ಬಚ್ಚಲೊಲೆಯ ಮುಂದೆ ಕೂತು ಕೂದಲು ಒಣಗಿಸಿಕೊಂಡು ಬಂದಳು. ಬೈತಲೆ ಬಿಡಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ ಪೇಸ್ಟು ಹಚ್ಚಿದೆ. ತಡೆ ನಾಲ್ಕಕ್ಕೆ ಬಂತು.

ಹತ್ತು ಗಂಟೆಗೆ ಕರೆಂಟು ಹೋಯಿತು. ಅದುವರೆಗೆ ಎಲ್ಲ ಗೆರೆಗಳ ಮೇಲೂ ತುರಿಕೆಯಂತೆ ಕೂತಿದ್ದ, ಕರೆಂಟಿನ 50 ಹರ್ಟ್ಸ್‌ನ ಗದ್ದಲ ಒಮ್ಮೆಗೇ ಮಾಯವಾಗಿ, ತೊಳೆದಿಟ್ಟಂಥ ಅಲೆಗಳು ಮೂಡಿದವು. ಮೂವತ್ತು ಸೆಕೆಂಡಿಗೆ ಒಂದು ಪುಟದಂತೆ ಓದುತ್ತ ಹೋದೆ. ಕಣ್ಣು ಮುಚ್ಚಿ ಎಚ್ಚರವಿದ್ದಾಗಿನ ಆಲ್ಫಾ ಅಲೆ ಕರಗಿತು, ಕಣ್ಣುಗುಡ್ಡೆ ನಿಧಾನ ಉರುಳಿತು, ಆಮೇಲೆ 'ಸ್ಪಿಂಡಲ್'ಗಳು ಬಂದವು. ನೂಲು ಸುತ್ತಿದ ಕದಿರಿನಂತೆ ನಡುವೆ ಉಬ್ಬಿ ಎರಡು ತುದಿಗೆ ಸಣ್ಣಗಾಗುವ, ಸೆಕೆಂಡಿಗೆ 11ರಿಂದ 16 ಸಲ ಮಿಡಿಯುವ ಗುಚ್ಛಗಳು. ನಾನು ಅದಕ್ಕೆ ಕದಿರು ಎಂದೇ ಹೇಳುವುದು. ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಎದುರು ಕೂತವರ ಮಾತು ಕೇಳಿಸದಷ್ಟು ಸದ್ದು. ಅಮ್ಮ ಮಾತ್ರ ಆಳನಿದ್ರೆಗಿಳಿದಿದ್ದಳು. ಗೆರೆಗಳು ದೊಡ್ಡ ದೊಡ್ಡ ದಿಬ್ಬಗಳಾಗಿದ್ದವು.

ಎರಡು ಗಂಟೆಯ ಸುಮಾರಿಗೆ, ನಿದ್ರೆ ಮತ್ತೆ ಹಗುರವಾಗಿದ್ದಾಗ, ಮಳೆ ತಟ್ಟನೆ ನಿಂತಿತು. ಪರದೆಯ ಮೇಲೆ ಒಂದು ಚೂಪು ಕೆ-ಕಾಂಪ್ಲೆಕ್ಸ್, ಅಂದರೆ ಹಗುರ ನಿದ್ರೆಯಲ್ಲಿ ಒಂಟಿಯಾಗಿ ಏಳುವ ದೊಡ್ಡ ಅಲೆ, ಅದರ ಬೆನ್ನಿಗೇ ಎಚ್ಚರದ ಆಲ್ಫಾ. "ಹೊಳವಾಯಿತೇ?" ಎಂದು ಅಮ್ಮ ಕತ್ತಲಲ್ಲೇ ಕೇಳಿದಳು. ಮಳೆ ನಿಂತೊಡನೆ ಎಚ್ಚರವಾಗುವುದು ಮಲೆನಾಡಿನಲ್ಲಿ ಬೆಳೆದ ಯಾರಿಗೂ ಹೊಸತಲ್ಲ, ನನಗೂ ಅಲ್ಲ. ಆದರೆ ಅದನ್ನು ಅಲೆಯಾಗಿ ಕಂಡದ್ದು ಅಂದೇ.

ಬೆಂಗಳೂರಿಗೆ ಮರಳಿ ಹಳೆಯ ದಾಖಲೆಗಳನ್ನೆಲ್ಲ ತೆರೆದೆ. ಹತ್ತು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ, ಮುಂದಿನ ಸುತ್ತು ಶುರು ಮಾಡುವುದು ನಮ್ಮ ರೂಢಿಯಾಗಿತ್ತು. ಜನ ಎಚ್ಚರಗೊಂಡದ್ದು ಹೆಚ್ಚಾಗಿ ಆ ನಿಲುಗಡೆಗಳಲ್ಲೇ. ನಿದ್ರಿಸುವ ಮಿದುಳು ಕೇಳುವುದನ್ನು ಬಿಡುವುದಿಲ್ಲ. ಒಗ್ಗಿದ ಸದ್ದನ್ನು ಬದಿಗಿಟ್ಟು, ಬದಲಾವಣೆಗೆ ಕಿವಿಯಿಟ್ಟಿರುತ್ತದೆ. ಅಂದಿನಿಂದ ಸುತ್ತುಗಳನ್ನು ಕೈಬಿಟ್ಟು ಒಂದೇ ಉದ್ದನೆಯ ಸ್ಕ್ಯಾನ್ ಮಾಡುತ್ತೇನೆ. ಬಂದವರು ತಮ್ಮ ಮನೆಯಲ್ಲಿ ಮಲಗುವ ಹೊತ್ತಿಗೇ ಶುರು. ಕಿವಿಗೆ ಬಿರಡೆ, ಮಂಡಿಯ ಕೆಳಗೆ ದಿಂಬು, ಮಧ್ಯೆ ಮೈಕಿನಲ್ಲಿ ಒಂದು ಮಾತೂ ಇಲ್ಲ.

ನಿದ್ರೆ ಬಂದರೂ ಅದರ ಅಲೆಗಳನ್ನು ಯಂತ್ರದೊಳಗೆ ಓದುವುದು ಸುಲಭವಲ್ಲ. ಯಂತ್ರದ ಕಾಂತಕ್ಷೇತ್ರದ ಏರಿಳಿತ ಇಇಜಿ ತಂತಿಗಳಲ್ಲಿ ಹುಟ್ಟಿಸುವ ಗದ್ದಲ ಮಿದುಳಿನ ಅಲೆಗಿಂತ ನೂರಾರು ಪಟ್ಟು ದೊಡ್ಡದು. ಪ್ರತಿ ಸಲವೂ ಅದರ ಆಕಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸರಾಸರಿ ತೆಗೆದು ಕಳೆಯಬಹುದು. ಎದೆಬಡಿತದಿಂದ ತಂತಿ ಅಲುಗುವ ಗದ್ದಲ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಇಷ್ಟೆಲ್ಲ ಏಕೆಂದರೆ, ತುಂಡು ತುಂಡು ನಿದ್ರೆಯಲ್ಲಿ ಕಾಣದ ಸಂಗತಿಗಳಿವೆ. 2019ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಲಾರಾ ಲೂಯಿಸ್ ಅವರ ತಂಡ ಇದೇ ಜೋಡಿ ವಿಧಾನದಿಂದ ತೋರಿಸಿದ್ದು ಇದು: ಆಳನಿದ್ರೆಯ ನಿಧಾನ ಅಲೆಯ ಹಿಂದೆಯೇ ಮಿದುಳಿನ ರಕ್ತ ತುಸು ಇಳಿಯುತ್ತದೆ, ತೆರವಾದ ಜಾಗಕ್ಕೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವ ನುಗ್ಗುತ್ತದೆ, ಸುಮಾರು ಇಪ್ಪತ್ತು ಸೆಕೆಂಡಿಗೊಮ್ಮೆ. ಆ ಲೇಖನ ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ತಲೆಯೊಳಗೂ ರಾತ್ರಿಯಿಡೀ ಇಂಥ ಹೊಳೆಯ ಏರಿಳಿತ!

ಈಗ ನನ್ನ ಸ್ಕ್ಯಾನರಿನಲ್ಲೂ ಕದಿರುಗಳು ಕಾಣುತ್ತವೆ, ಒಮ್ಮೊಮ್ಮೆ ಆಳದ ದಿಬ್ಬಗಳೂ. ಕಣ್ಣುಗುಡ್ಡೆ ಸರಸರ ಓಡುವ ಕನಸಿನ ನಿದ್ರೆ ಮಾತ್ರ ಅಪರೂಪ. ಅದು ತುಂಬಿ ಬರುವುದು ಬೆಳಗಿನ ಜಾವಕ್ಕೆ. ಅಷ್ಟು ಹೊತ್ತು ಯಾರನ್ನೂ ಆ ಕೊಳವೆಯಲ್ಲಿ ಮಲಗಿಸಲು ನನಗೆ ಮನಸ್ಸಿಲ್ಲ. ಅದಕ್ಕಾಗಿ ಮುಂದಿನ ಮಳೆಗಾಲದಲ್ಲೂ ಪೆಟ್ಟಿಗೆ ಹೊತ್ತು ಊರಿಗೆ ಹೋಗುವವಳಿದ್ದೇನೆ. ಸೀಗೆಪುಡಿ ಇಟ್ಟಿರಲು ಅಮ್ಮನಿಗೆ ಹೇಳಿದ್ದೇನೆ.