ಅಗೆದ ಮಣ್ಣನ್ನು ಸೈಟಿನಲ್ಲೇ ಉಳಿಸಿಕೊಂಡದ್ದು: ನನ್ನ ಅನುಭವ

ಉತ್ತರ ಇಂಗ್ಲೆಂಡಿನ ಹಳೇ ಗ್ಯಾಸ್‌ವರ್ಕ್ಸ್ (ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುತ್ತಿದ್ದ ಕಾರ್ಖಾನೆ) ಜಾಗ, ಟಾರ್, ಎಣ್ಣೆ ಕುಡಿದ ಮಣ್ಣು, ಮೇಲೆ ಮನೆಗಳು ಬರಬೇಕು. "ಅಗೆದು ಕಸ ಹೂಳುವ ಲ್ಯಾಂಡ್‌ಫಿಲ್ಲಿಗೆ ಸಾಗಿಸಿಬಿಡಿ" ಅಂತ ಡೆವಲಪರ್‌ನಿಂದ ಹಿಡಿದು ನಮ್ಮ ಹಿರಿಯರವರೆಗೆ ಎಲ್ಲರದೂ ಒಂದೇ ರಾಗ. ಕಲುಷಿತ ಜಾಗದ ಮಣ್ಣಿಗಿದ್ದ ಲ್ಯಾಂಡ್‌ಫಿಲ್ ತೆರಿಗೆ ವಿನಾಯಿತಿ 2012ರ ಮಾರ್ಚ್‌ಗೇ ಮುಗಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮದು ಹೆಚ್ಚುಕಡಿಮೆ 6,000 ಘನಮೀಟರ್, ಅಂದರೆ 11,000 ಟನ್ ಹತ್ತಿರ. ತೆರಿಗೆಯೇ ಟನ್ನಿಗೆ 100 ಪೌಂಡ್ ದಾಟಿತ್ತು. ಲ್ಯಾಂಡ್‌ಫಿಲ್‌ನವರ ಗೇಟ್ ಫೀ, ಲಾರಿ ಬಾಡಿಗೆ ಬೇರೆ.

ಮಣ್ಣು ಕಾನೂನಿನ ಕಣ್ಣಲ್ಲಿ ವೇಸ್ಟ್ ಹೌದೋ ಅಲ್ಲವೋ ಅನ್ನೋದೇ ಮೊದಲ ಪ್ರಶ್ನೆ. 2004ರಲ್ಲಿ ಯುರೋಪಿಯನ್ ನ್ಯಾಯಾಲಯದ ವಾನ್ ಡಿ ವಾಲೆ ತೀರ್ಪು ಅಗೆಯದ ಕಲುಷಿತ ಮಣ್ಣನ್ನೂ ವೇಸ್ಟ್ ಅಂದಿತ್ತು. 2008ರ ಯುರೋಪಿಯನ್ ಒಕ್ಕೂಟದ ವೇಸ್ಟ್ ಡೈರೆಕ್ಟಿವ್ ಅದನ್ನು ಹೊರಗಿಟ್ಟಿತು. ಆದರೆ ಅಗೆದು ಜೆಸಿಬಿ ಬಕೆಟ್ಟಿಗೆ ಬಂದ ಮೇಲೆ ಕಥೆಯೇ ಬೇರೆ, ಅದು ವೇಸ್ಟ್ ಆಗಿಬಿಡಬಹುದು. ಹಾಗಾಗಿ ಅಗೆದ ಮಣ್ಣನ್ನು ವೇಸ್ಟ್ ಅನ್ನಿಸಿಕೊಳ್ಳದೆ ಮತ್ತೆ ಬಳಸೋದು ಹೇಗೆ ಅಂತ ಹೇಳುವ ಕ್ಲೇರ್ (CL:AIRE) ಕೋಡ್ ಹಿಡಿದೆವು. ಯಾವ ಮಣ್ಣು ಎಲ್ಲಿಗೆ ಅನ್ನೋ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಪ್ಲ್ಯಾನು, ಅದನ್ನು ಪರಿಶೀಲಿಸಿದ ಕ್ವಾಲಿಫೈಡ್ ಪರ್ಸನ್ ಡಿಕ್ಲರೇಶನ್ನು ಕೈಯಲ್ಲಿದ್ದ ಮೇಲೇ ಕೆಲಸ. ಮಣ್ಣು ಹಾಕಿಬಿಟ್ಟು ಆಮೇಲೆ ಕಾಗದ ಮಾಡಿಸೋಕೆ ಬರೋದಿಲ್ಲ.

ಮಣ್ಣನ್ನು ಉದ್ದುದ್ದ ರಾಶಿ (ವಿಂಡ್‌ರೋ) ಹಾಕಿ, ಆಗಾಗ ಹೊರಳಿಸಿ, ಸೂಕ್ಷ್ಮಜೀವಿಗಳಿಂದ ಎಣ್ಣೆ ಕೊಳೆಸೋದು ನಮ್ಮ ಟ್ರೀಟ್‌ಮೆಂಟು. ಮೊದಲ ವಿಂಡ್‌ರೋ ದಂಡವಾಯಿತು. ಜೇಡಿ ಮಣ್ಣು, ಮೇಲೆ ಬಿಡದ ಮಳೆ. ಹೊರಳಿಸಿದರೆ ಒಳಗೆಲ್ಲ ಮುದ್ದೆ ಮುದ್ದೆ, ಮುರಿದರೆ ಕಪ್ಪು, ಟಾರ್ ವಾಸನೆ. ವುಡ್‌ಚಿಪ್ ಹಾಕಿ, ಮೇಲೆ ಶೀಟ್ ಹೊದಿಸಿದ ಮೇಲೆ ಡೀಸೆಲ್ ಭಾಗ ಇಳಿಯಿತು. ಎಷ್ಟು ವುಡ್‌ಚಿಪ್, ಯಾವಾಗ ಹೊರಳಿಸಿದ್ದು ಅನ್ನೋದು ನನ್ನ ಹತ್ತಿರವೇ ಇರಲಿ. ಟಾರ್‌ನಲ್ಲಿರುವ, ಸುಲಭಕ್ಕೆ ಕೊಳೆಯದ ನಾಲ್ಕು-ಐದು ರಿಂಗಿನ ಪಿಎಎಚ್ ರಾಸಾಯನಿಕಗಳು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಣಬೆ ಬೆಳೆದುಳಿದ ಗೊಬ್ಬರ ಬೆರೆಸೋಣ ಅಂತ ಒಂದು ಸಣ್ಣ ರಾಶಿಗೆ ಯೋಜನೆ ಹಾಕಿದ್ದೆ. ಆ ಗೊಬ್ಬರವೇ ವೇಸ್ಟ್ ಆಗುತ್ತದೆ, ಅದಕ್ಕೆ ಬೇರೆ ಪರ್ಮಿಟ್ ನೋಡಬೇಕು ಅಂತ ಗೊತ್ತಾಯಿತು. ಬಿಟ್ಟೆ.

ದಾರಿ ಸಿಕ್ಕಿದ್ದು ನಕ್ಷೆಯಲ್ಲಿ. ಮನೆ ತೋಟಕ್ಕೆ ಆಗದ ಮಣ್ಣು ರಸ್ತೆ ಕೆಳಗೆ ಆಗುತ್ತದೆ, ರಿಸ್ಕ್ ಅಸೆಸ್‌ಮೆಂಟ್ ಒಪ್ಪಿದರೆ. ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ಘನಮೀಟರ್ ಅಂತ ಪ್ಲ್ಯಾನಿನಲ್ಲಿ ಖಚಿತವಾಗಿರಬೇಕು. ಹೆಚ್ಚಾದದ್ದನ್ನು ದಿಬ್ಬ ಮಾಡಿ 'ಲ್ಯಾಂಡ್‌ಸ್ಕೇಪ್' ಅಂದರೆ ಅದು ವಿಲೇವಾರಿಯೇ, ಪರಿಸರ ನೋಡಿಕೊಳ್ಳುವ ಸರ್ಕಾರಿ ಎನ್ವಿರಾನ್‌ಮೆಂಟ್ ಏಜೆನ್ಸಿಯವರು ಕಣ್ಣುಮುಚ್ಚಿ ಕೂತಿರೋದಿಲ್ಲ. ಅಷ್ಟೂ ಮಣ್ಣಿಗೆ ಜಾಗ ಆಗಲಿ ಅಂತ ಆರ್ಕಿಟೆಕ್ಟ್ ಜೊತೆ ಕೂತು ನೆಲದ ಲೆವೆಲ್‌ಗಳನ್ನು ಅಂಗುಲ ಅಂಗುಲ ಎತ್ತಿಸಿದೆ, ಜಗಳವೂ ಆಯಿತು. ನೆಲದಡಿಯ ಹಳೇ ಕಾಂಕ್ರೀಟನ್ನು ಪುಡಿ ಮಾಡಿಸಿ ಬಳಸಿದ್ದರಿಂದ ಹೊರಗಿಂದ ಜಲ್ಲಿ ತರಿಸೋದೂ ಬಹಳಷ್ಟು ತಪ್ಪಿತು.

ಕೊನೆಗೆ ಲ್ಯಾಂಡ್‌ಫಿಲ್ಲಿಗೆ ಹೋದದ್ದು ಟಾರ್ ಗಟ್ಟಿಯಾಗಿದ್ದ ಸಾವಿರ ಟನ್ ಚಿಲ್ಲರೆ ಅಷ್ಟೇ. ತೆರಿಗೆಯಲ್ಲೇ ಹತ್ತು ಲಕ್ಷ ಪೌಂಡ್ ಹತ್ತಿರ ಉಳಿಯಿತು, ಟ್ರೀಟ್‌ಮೆಂಟಿಗೆ ಅದರ ಕಾಲುಭಾಗವೂ ಆಗಲಿಲ್ಲ. ಮೊದಲು ನಕ್ಕಿದ್ದ ಹಿರಿಯರೊಬ್ಬರು ಈಗ ತಮ್ಮ ಸೈಟಿನ ಪ್ಲ್ಯಾನ್ ಕಳಿಸಿದ್ದಾರೆ, ನೋಡಿಕೊಡು ಅಂತ.